ಪ್ರಯೋಗಕ್ಕೂ ಕಂಪ್ಯೂಟರಿಗೂ ನಡುವಿನ ದುಭಾಷಿ

ತಂತಿಸುರುಳಿಯೊಳಗೆ ಅಯಸ್ಕಾಂತ ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂದು ನಾವು ಹತ್ತನೇ ತರಗತಿಯಲ್ಲಿ ಕಲಿಸುತ್ತೇವೆ. ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ವೋಲ್ಟೇಜು ಒಂದು ದಿಕ್ಕಿಗೆ ಏರಿ, ಮರುಕ್ಷಣವೇ ವಿರುದ್ಧ ದಿಕ್ಕಿಗೆ ತಿರುಗುವುದನ್ನು ಅದು ತೋರಿಸಲಾರದು. ಅದನ್ನು ಹಿಡಿಯಲು ಕಂಪ್ಯೂಟರ್ ಬೇಕು.

ಅಳತೆಯ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ ಹೊಸದಲ್ಲ. 1960ರ ದಶಕದ ಕೊನೆಗೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ರೂಪಿಸಿದ ವ್ಯವಸ್ಥೆಯೇ 1975ರಲ್ಲಿ ಐಇಇಇ-488 ಎಂಬ ಮಾನಕವಾಯಿತು. ಆದರೆ ಅಂತಹ ಉಪಕರಣಗಳು ದೊಡ್ಡ ಪ್ರಯೋಗಾಲಯಗಳಿಗೆ ಸೇರಿದವು, ಶಾಲೆಗೆ ಎಟಕುವಂತಹವಲ್ಲ.

ಶಾಲೆ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟು ದೆಹಲಿಯ ಪರಮಾಣು ವಿಜ್ಞಾನ ಕೇಂದ್ರದಲ್ಲಿ (ಇಂದಿನ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ) ಅಜಿತ್ ಕುಮಾರ್ ಬಿ.ಪಿ. ಅವರು 2004ರ ಹೊತ್ತಿಗೆ 'ಫೀನಿಕ್ಸ್' ಪೆಟ್ಟಿಗೆಯನ್ನು ತಂದರು. ಪ್ರಿಂಟರ್ ಜೋಡಿಸುವ ಪ್ಯಾರಲಲ್ ಪೋರ್ಟಿಗೇ ಅದರ ಕೇಬಲ್. ಲಿನಕ್ಸಿನಲ್ಲಿ ಒಂದು ಡ್ರೈವರ್, ಅದರ ಮೇಲೆ ಪೈಥಾನ್ ಭಾಷೆಯ ಒಂದು ತೆಳು ಲೈಬ್ರರಿ.

ಈ ಲೈಬ್ರರಿ ದುಭಾಷಿಯಿದ್ದಂತೆ. ಯಾವ ಪಿನ್ನಿಗೆ ಯಾವ ಬೈಟ್ ಕಳಿಸಬೇಕೆಂದು ಅಧ್ಯಾಪಕರು ತಲೆ ಕೆಡಿಸಿಕೊಳ್ಳಬೇಕಿಲ್ಲ. 'ಗೆಟ್ ವೋಲ್ಟೇಜ್' ಎಂದು ಬರೆದರೆ ಸಾಕು. ಮುಂದೆ ಬಂದ 'ಎಕ್ಸ್‌ಪೈಸ್ ಜೂನಿಯರ್' ಉದಾಹರಣೆ ನೋಡೋಣ. ಅದರ ಮೈಕ್ರೋಕಂಟ್ರೋಲರ್ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗಿನ ಅಳತೆಯನ್ನು 4096 ಮೆಟ್ಟಿಲುಗಳಾಗಿ ಎಣಿಸುತ್ತದೆ. ಒಂದು ಮೆಟ್ಟಿಲು ಸುಮಾರು 2.4 ಮಿಲಿವೋಲ್ಟ್. ಆ ಎಣಿಕೆಯನ್ನು ವೋಲ್ಟಿಗೆ ತಿರುಗಿಸಿ ಕೈಗೆ ಕೊಡುವುದು ಲೈಬ್ರರಿಯ ಕೆಲಸ.

ಈ ತೆಳು ಪದರದ ಬೆಲೆ ತಿಳಿದದ್ದು ಯಂತ್ರಗಳು ಬದಲಾದಾಗ. ಹೊಸ ಕಂಪ್ಯೂಟರುಗಳಿಂದ ಪ್ಯಾರಲಲ್ ಪೋರ್ಟ್ ಮಾಯವಾಯಿತು, ಯುಎಸ್‌ಬಿ ಬಂತು. ಒಳಗಿನ ಚಿಪ್ ಬದಲಾಯಿತು. ಮುಂದೆ ಎಕ್ಸ್‌ಪೈಸ್-17 ಬಂತು. ಕಂಸದೊಳಗೆ ಬರೆಯುವುದು ತುಸು ಬದಲಾದರೂ 'ಗೆಟ್ ವೋಲ್ಟೇಜ್' ಎಂಬ ಹೆಸರು ಉಳಿಯಿತು. ಮೇಷ್ಟ್ರು ಒಮ್ಮೆ ಕಲಿತದ್ದು ವ್ಯರ್ಥವಾಗಲಿಲ್ಲ.

ಗಡಿನಾಡಿನ ಕನ್ನಡ ಮಾಧ್ಯಮದವರಾದ ನಮಗೆ ಇನ್ನೊಂದು ಲಾಭವೂ ಇದೆ. ನಮ್ಮ ಕೇರಳದ ಶಾಲಾ ಕಂಪ್ಯೂಟರುಗಳಲ್ಲಿ ಇರುವುದು ಗ್ನೂ/ಲಿನಕ್ಸ್. ಈ ಲೈಬ್ರರಿಯೂ ಮುಕ್ತ ತಂತ್ರಾಂಶ, ಅದನ್ನು ತೆರೆದು ಓದಬಹುದು, ತಿದ್ದಬಹುದು. ನಾಲ್ಕೈದು ಸಾಲಿನ ಪ್ರೋಗ್ರಾಂ ಬರೆದು, ನಕ್ಷೆಯ ಅಕ್ಷಗಳಿಗೆ 'ಸಮಯ', 'ವೋಲ್ಟೇಜು' ಎಂದು ಕನ್ನಡದಲ್ಲೇ ಹೆಸರಿಡಬಹುದು. ಪಠ್ಯಪುಸ್ತಕ ಕನ್ನಡದಲ್ಲಿದ್ದು, ಪ್ರಯೋಗದ ಪರದೆ ಮಾತ್ರ ಇಂಗ್ಲಿಷಿನಲ್ಲಿದ್ದರೆ ಮಗು ಎರಡರ ನಡುವೆ ತಡವರಿಸುತ್ತದೆ. ಆ ತಡವರಿಕೆಯನ್ನು ತಪ್ಪಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ನಾವೇ ಮಾಡಬಹುದಾದ ಕೆಲಸವಿದು.