ಬಾಲವನದ ಪಾಠವೂ ನಮ್ಮ ಮಕ್ಕಳೂ

ವಿದ್ಯಾಭ್ಯಾಸವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ನಾಲ್ಕು ಗೋಡೆ, ಒಂದು ಕರಿಹಲಗೆ, ಕೈಕಟ್ಟಿ ಕುಳಿತ ಶಿಶುಗಳು. ಗೋಡೆಯಾಚೆಗೂ ಪಾಠವುಂಟೆಂದು ನಂಬಿ ನಡೆದ ಮಹನೀಯರು ಭರತಖಂಡದಲ್ಲಿ ಇಲ್ಲದಿಲ್ಲ. 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ಮರಗಳ ನೆರಳಿನಲ್ಲಿ ಶಾಲೆಯನ್ನು ತೆರೆದರು. ಕನ್ನಡಿಗರಲ್ಲಿ ಇಂಥ ಪ್ರಯೋಗಕ್ಕೆ ಕೈಯಿಟ್ಟವರು ಕೋಟ ಶಿವರಾಮ ಕಾರಂತರು (1902–1997). ಪುತ್ತೂರಿನ ಪರ್ಲಡ್ಕದಲ್ಲಿ ಅವರು ಬೆಳೆಸಿದ 'ಬಾಲವನ'ದಲ್ಲಿ ಆಟ, ಕುಣಿತ, ನಾಟಕಗಳೇ ಶಿಕ್ಷಣದ ಅಂಗಗಳಾದುವು. ಮಕ್ಕಳಿಗಾಗಿಯೇ ಅವರು 'ಬಾಲಪ್ರಪಂಚ'ವನ್ನೂ ರಚಿಸಿದರು.

ಅಂದು ಪುತ್ತೂರು ಮದರಾಸು ಪ್ರಾಂತದಲ್ಲಿತ್ತು. ನಮ್ಮ ತಾಳವಾಡಿಯೂ ಅದೇ ಪ್ರಾಂತದ್ದು. 1956ರ ನವೆಂಬರ್ 1ರಂದು ಪುತ್ತೂರು ಮೈಸೂರು ರಾಜ್ಯವನ್ನು ಸೇರಿತು. ನಾವು ಇಲ್ಲಿಯೇ ಉಳಿದೆವು. ಗಡಿಯ ಗೆರೆ ಬೇರೆಯಾದರೂ ಬಾಲವನದ ಪಾಠ ನಮಗೂ ಪಿತ್ರಾರ್ಜಿತವೇ ಸರಿ.

1943ರಲ್ಲಿ ಯುದ್ಧದ ನಡುವೆಯೇ ಡೆನ್ಮಾರ್ಕಿನ ಎಮ್‌ಡ್ರುಪ್‌ನಲ್ಲಿ ಸೋರೆನ್‌ಸನ್ ಎಂಬ ಉದ್ಯಾನಶಿಲ್ಪಿಯ ಕಲ್ಪನೆಯಂತೆ ಒಂದು ಆಟದ ಬಯಲು ಸಿದ್ಧವಾಯಿತು. ಅಲ್ಲಿ ಮಕ್ಕಳ ಕೈಗೆ ಹಳೆಯ ಹಲಗೆ, ಸುತ್ತಿಗೆ, ಮೊಳೆಗಳನ್ನೇ ಕೊಟ್ಟರು. ಜೊತೆಗೆ ಹಿರಿಯರ ಕಣ್ಗಾವಲೂ ಇದ್ದಿತು.

ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಎಂಟು ವರ್ಷದವನಾಗಿದ್ದಾಗ ನಾನು ಹುಣಿಸೆಮರವನ್ನೇರಿ, ಇಳಿಯಲಾರದೆ ಅತ್ತೆನು. ನಮ್ಮಜ್ಜ ಏಣಿ ತರಲಿಲ್ಲ. ಬುಡದಲ್ಲಿ ನಿಂತು, "ಎಡಗಾಲ ಕೆಳಗೆ ಕವಲು ಅದೆ, ನೋಡ್ಕೊಂಡು ಇಳಿ ಮಗ" ಎಂದರು. ಮೊಣಕಾಲು ತರಚಿತು, ಭಯ ಬಿಟ್ಟಿತು. 'ಕವಲು' ಎಂಬ ಮಾತನ್ನು ನಾನು ಕಲಿತದ್ದು ಯಾವ ನಿಘಂಟಿನಿಂದಲೂ ಅಲ್ಲ, ಆ ಮರದಿಂದ.

ಹಾಗೆಂದು ಕೂಸುಗಳನ್ನು ಆನೆಯ ಹಾದಿಗೆ ಅಟ್ಟಬೇಕೆಂದು ಯಾರೂ ಹೇಳರು. 2013ರಿಂದ ಸತ್ಯಮಂಗಲದ ಕಾಡು ಹುಲಿಗಳ ರಕ್ಷಿತಾರಣ್ಯ. ಅದರ ನೆರೆಯಲ್ಲಿ ಬಾಳುವ ನಮಗೆ ತಾಯಂದಿರ ಅಂಜಿಕೆ ಅರ್ಥವಾಗದ ಮಾತಲ್ಲ. ಮಗುವು ಕಂಡು, ಅಳೆದು, ಎದುರಿಸಬಲ್ಲ ಕಷ್ಟ ಒಂದು. ಅದಕ್ಕೆ ಕಾಣದೆ ಎರಗುವ ವಿಪತ್ತು ಇನ್ನೊಂದು. ಎರಡನೆಯದನ್ನು ತಡೆಯುವುದು ಹಿರಿಯರ ಧರ್ಮ; ಮೊದಲನೆಯದನ್ನೂ ತಡೆದರೆ ಅದು ಹಿರಿಯರ ಪ್ರಮಾದ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ನಷ್ಟವೂ ಅಡಗಿದೆ. ಹಳ್ಳ, ದಿಣ್ಣೆ, ಬದು, ಕವಲು — ಈ ಮಾತುಗಳು ಬಾಳುವುದು ಅವುಗಳ ಮೇಲೆ ನಡೆದಾಡುವ ಕಾಲುಗಳಿಂದ. ಮಗು ಮನೆಯೊಳಗೇ ಉಳಿದರೆ ನುಡಿಯೂ ಹೊಸ್ತಿಲು ದಾಟದು. ಆದುದರಿಂದ ವಾರಕ್ಕೊಂದು ಹೊತ್ತಾದರೂ ಹಿರಿಯರೊಬ್ಬರ ಸಂಗಡ ಮಕ್ಕಳನ್ನು ಹೊಲದ ಬದುವಿಗೆ ಕರೆದೊಯ್ಯೋಣ. ಬಿದ್ದರೆ ಎತ್ತೋಣ, ಬೀಳುವ ಮೊದಲೇ ಹೊತ್ತುಕೊಳ್ಳದಿರೋಣ.