ಚರಕಸಂಹಿತೆ ಕೇಳಿದ್ದು ಎಂಟು ಪ್ರಶ್ನೆ, ಫೋನಿಗೆ ಬಂದದ್ದು ಒಂದೇ

ನಿಮ್ಮ ಮೊಬೈಲಿಗೂ ಇಂಥದ್ದೊಂದು ಬಂದಿರುತ್ತದೆ. ಮೈ ತೆಳ್ಳಗಿದ್ದು ಚರ್ಮ ಒಣಗಿದ್ದರೆ ನಿಮ್ಮದು ವಾತ, ಬೇಗ ಸಿಟ್ಟು ಬಂದು ಬೆವರುತ್ತಿದ್ದರೆ ಪಿತ್ತ, ದಪ್ಪಗಿದ್ದು ನಿಧಾನವಾಗಿದ್ದರೆ ಕಫ. ಕೆಳಗೊಂದು ಪಟ್ಟಿ: ವಾತದವರಿಗೆ ಆಲೂಗಡ್ಡೆ ಬೇಡ, ಪಿತ್ತದವರಿಗೆ ಟೊಮೆಟೊ, ಮೆಣಸಿನಕಾಯಿ ಬೇಡ. ಕೊನೆಗೆ, ಇದೆಲ್ಲ ಚರಕ ಮಹರ್ಷಿಗಳೇ ಹೇಳಿದ್ದು ಎಂಬ ಸಾಲು.

ಇಲ್ಲೇ ಒಂದು ತೊಡಕಿದೆ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದ ಬೆಳೆಗಳು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಈ ಬೆಳೆಗಳು ಯುರೋಪಿನವರ ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು ಅದಾದ ಮೇಲೆ. ಚರಕಸಂಹಿತೆ ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು. ಆಗ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ. ಅಂದರೆ ಈ ಪಟ್ಟಿಯನ್ನು ಯಾರೋ ಈಚೆಗೆ ಮಾಡಿ, ಚರಕನ ಹೆಸರು ಅಂಟಿಸಿದ್ದಾರೆ.

ಹಾಗಾದರೆ ಹಳೆಯ ಗ್ರಂಥದಲ್ಲಿ ನಿಜಕ್ಕೂ ಏನಿದೆ?

ದೇಹಪ್ರಕೃತಿಯ ಮಾತು ಇದೆ, ಅದು ಸುಳ್ಳಲ್ಲ. ಸುಶ್ರುತಸಂಹಿತೆ ಏಳು ಬಗೆಯ ಪ್ರಕೃತಿ ಎಣಿಸುತ್ತದೆ: ವಾತ, ಪಿತ್ತ, ಕಫ ಒಂದೊಂದೇ ಹೆಚ್ಚಿರುವವು ಮೂರು, ಎರಡೆರಡು ಸೇರಿದವು ಮೂರು, ಮೂರೂ ಸಮನಾಗಿರುವುದು ಒಂದು. ಯಾವ ದೋಷ ಹೆಚ್ಚಿದೆಯೋ ಅದಕ್ಕೆ ವಿರುದ್ಧ ಗುಣದ ಆಹಾರ ತಿನ್ನಬೇಕು ಎಂದು ಚರಕಸಂಹಿತೆಯೂ ಹೇಳುತ್ತದೆ. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ.

ಆ ಗ್ರಂಥದ ವಿಮಾನಸ್ಥಾನ ಎಂಬ ಭಾಗದ ಮೊದಲ ಅಧ್ಯಾಯದಲ್ಲಿ, ಊಟ ಹಿತವೋ ಅಹಿತವೋ ಎಂದು ತಿಳಿಯಲು ಎಂಟು ವಿಷಯ ನೋಡಬೇಕು ಎಂದಿದೆ. ಮೊದಲನೆಯದರ ಹೆಸರೇ ಪ್ರಕೃತಿ. ಆದರೆ ಅದು ನಮ್ಮ ಮೈಯ ಪ್ರಕೃತಿಯಲ್ಲ, ಆಹಾರದ ಪ್ರಕೃತಿ. ಉದ್ದು ಜೀರ್ಣಕ್ಕೆ ಭಾರ, ಹೆಸರು ಹಗುರ ಎಂಬಂತೆ. ಎರಡನೆಯದು ಅದನ್ನು ತೊಳೆದು, ಬೇಯಿಸಿ, ಕಡೆದು ಹೇಗೆ ಹದ ಮಾಡಿದ್ದೀರಿ ಎಂಬುದು. ಮೂರನೆಯದು ಯಾವುದರ ಜೊತೆ ಯಾವುದು. ನಾಲ್ಕನೆಯದು ಎಷ್ಟು. ಐದನೆಯದು ಯಾವ ನಾಡು. ಆರನೆಯದು ಯಾವ ಕಾಲ. ಏಳನೆಯದು ಉಣ್ಣುವ ಕ್ರಮ, ಅಂದರೆ ಹಿಂದಿನ ಊಟ ಅರಗಿದೆಯೋ ಇಲ್ಲವೋ ಎನ್ನುವಂಥದ್ದು.

ಉಣ್ಣುವವರ ಸರದಿ ಬರುವುದು ಎಂಟನೆಯದಾಗಿ. ಅಲ್ಲಿ ಒತ್ತು ಬಿದ್ದಿರುವುದು 'ಓಕಸಾತ್ಮ್ಯ' ಎಂಬ ಮಾತಿನ ಮೇಲೆ. ಹಾಗೆಂದರೆ ದಿನವೂ ತಿಂದು ತಿಂದು ಮೈಗೆ ಒಗ್ಗಿ ಹೋದದ್ದು.

ಈ ಒಗ್ಗುವಿಕೆಗೆ ಅವರು ಎಷ್ಟು ಬೆಲೆ ಕೊಟ್ಟಿದ್ದರು ಎನ್ನುವುದಕ್ಕೆ ಚಿಕಿತ್ಸಾಸ್ಥಾನದ ಕೊನೆಯ ಅಧ್ಯಾಯ ನೋಡಬೇಕು. ಯಾವ ನಾಡಿನವರಿಗೆ ಯಾವ ಊಟ ಒಗ್ಗಿದೆ ಎಂದು ಅಲ್ಲಿ ಹೇಳಿದೆ. ಪೂರ್ವದವರಿಗೆ ಮೀನು, ಸಿಂಧೂ ಸೀಮೆಯವರಿಗೆ ಹಾಲು, ಯವನರು, ಶಕರು ಮುಂತಾದವರಿಗೆ ಮಾಂಸ ಮತ್ತು ಗೋಧಿ. ದಕ್ಷಿಣದವರಿಗೆ? ಪೇಯ, ಅಂದರೆ ಗಂಜಿ. ವೈದ್ಯ ಇದನ್ನು ನೆನಪಿಟ್ಟುಕೊಂಡೇ ಔಷಧ, ಪಥ್ಯ ಹೇಳಬೇಕು ಎಂಬುದು ಅಲ್ಲಿನ ತಾತ್ಪರ್ಯ.

ನಮ್ಮ ನಾಡಿನ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಉಗ್ರಾದಿತ್ಯ ಎಂಬ ಜೈನ ಆಚಾರ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥ ಬರೆದ. ಅದರಲ್ಲೂ ವಾತ, ಪಿತ್ತ, ಕಫ ಇವೆ. ಆದರೆ ಮಾಂಸ, ಮದ್ಯ, ಜೇನು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳಿದ. ಶಾಸ್ತ್ರ ಅದೇ, ಉಣ್ಣುವ ಜನ ಬೇರೆ, ಹಾಗಾಗಿ ಪಥ್ಯವೂ ಬೇರೆ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದಾಗ ಬೇಸಾಯ, ಅಡುಗೆ, ವೈದ್ಯ ಮೂರನ್ನೂ ಒಂದೇ ಪುಸ್ತಕದಲ್ಲಿಟ್ಟ.

ಇಷ್ಟೆಲ್ಲ ಈಗ ಯಾಕೆ ಎಂದರೆ, ಪಟ್ಟಿ ನಂಬಿ ಊಟ ಬಿಡುವವರಿದ್ದಾರೆ. ಹುರುಳಿ ಉಷ್ಣ ಎಂದು ಮನೆಯ ಹೆಂಗಸರ ತಟ್ಟೆಯಿಂದ ತೆಗೆಯುತ್ತಾರೆ. ಸೊಪ್ಪು ವಾಯು ಎಂದು ಬಾಣಂತಿಗೆ ಕೊಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥವರ ತಟ್ಟೆಯಿಂದ ಕಾಳು, ಸೊಪ್ಪು ತೆಗೆದರೆ ಉಳಿಯುವುದೇನು? ಅನ್ನ, ತಿಳಿಸಾರು.

ಹುರುಳಿ ಉಷ್ಣ ಎಂದು ಚರಕಸಂಹಿತೆಯಲ್ಲೂ ಇದೆ, ನಿಜ. ಅದೇ ಜಾಗದಲ್ಲಿ ಅದು ಕೆಮ್ಮು, ದಮ್ಮಿಗೆ ಒಳ್ಳೆಯದು ಎಂದೂ ಇದೆ. ಅರ್ಧ ಸಾಲು ಮಾತ್ರ ನಮ್ಮ ತನಕ ಬಂದಿದೆ.

ಇನ್ನೊಂದು ಮಾತು. ಮೈಗೆ ಒಳ್ಳೆಯದಲ್ಲದ ಅಭ್ಯಾಸವನ್ನೂ ಒಮ್ಮೆಲೇ ಬಿಡಬಾರದು, ಕಾಲು ಕಾಲು ಭಾಗವಾಗಿ ಕಡಿಮೆ ಮಾಡುತ್ತಾ ಒಳ್ಳೆಯದನ್ನು ಅಷ್ಟಷ್ಟೇ ಸೇರಿಸಿಕೊಳ್ಳಬೇಕು ಎಂದು ಚರಕಸಂಹಿತೆ ಹೇಳುತ್ತದೆ. ರಾತ್ರಿ ಬಂದ ಮೆಸೇಜು ಓದಿ ಬೆಳಿಗ್ಗೆಯಿಂದ ಮುದ್ದೆ ಬಿಡಿ ಎಂದು ಅದು ಎಲ್ಲೂ ಹೇಳಿಲ್ಲ.

ಒಬ್ಬ ರೋಗಿಯನ್ನು ನೋಡುವಾಗ ಹತ್ತು ವಿಷಯ ಪರೀಕ್ಷಿಸಬೇಕು ಎಂಬುದೂ ಅದೇ ಗ್ರಂಥದಲ್ಲಿದೆ. ಪ್ರಕೃತಿ ಅದರಲ್ಲಿ ಒಂದು. ವಯಸ್ಸು, ಉಂಡದ್ದನ್ನು ಅರಗಿಸುವ ಶಕ್ತಿ, ದುಡಿಯುವ ಶಕ್ತಿ ಕೂಡ ಆ ಹತ್ತರೊಳಗಿವೆ. ದಿನವಿಡೀ ಕಳೆ ಕಿತ್ತು ಬಂದವರಿಗೂ ಅಂಗಡಿಯಲ್ಲಿ ಕೂತವರಿಗೂ ಒಂದೇ ಊಟ ಹೇಳಲಾಗದು. ಇದನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ನೋಡಿ ಹೇಳಬೇಕೇ ಹೊರತು ಫೋನಿನ ಪಟ್ಟಿ ಹೇಳಲಾರದು.

ಮುಂದಿನ ಸಲ ಅಂಥ ಪಟ್ಟಿ ಬಂದರೆ ಅದರಲ್ಲಿ ಆಲೂಗಡ್ಡೆ, ಟೊಮೆಟೊ ಇದೆಯೇ ನೋಡಿ. ಇದ್ದರೆ ಅದು ಚರಕನದಲ್ಲ ಎಂದು ಗುಂಪಿನಲ್ಲೇ ಬರೆಯಿರಿ. ಮನೆಯಲ್ಲಿ ಬಸುರಿ, ಬಾಣಂತಿ, ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆಯವರು ಇದ್ದರೆ, ಊಟ ಬದಲಿಸುವ ಮುಂಚೆ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನಂತೂ ನಿಲ್ಲಿಸಬೇಡಿ.