ಬಿದ್ದವರನ್ನ ನೋಡೋ ಆಟ (ಭಾಗ 3: ಸಾಸುಕೆ)

ಪೋಗೋದಲ್ಲಿ ಜಾವೇದ್ ಜಾಫ್ರಿ ಹಿಂದಿ ಕಾಮೆಂಟ್ರಿ ಕೊಡ್ತಿದ್ದ ‘ಟಕೇಶೀಸ್ ಕ್ಯಾಸಲ್’ ನೆನಪಿದೆಯಾ? ಜಪಾನಿನ ಟಿಬಿಎಸ್ ಚಾನೆಲ್ ಅದನ್ನು ಶುರು ಮಾಡಿದ್ದು 1986ರಲ್ಲಿ. ಜನ ದೊಪ್ಪಂತ ಕೆಸರಿಗೆ ಬೀಳೋದೇ ಅಲ್ಲಿ ತಮಾಷೆ.

1997ರಲ್ಲಿ ಅದೇ ಚಾನೆಲ್ ‘ಸಾಸುಕೆ’ ತಂತು. ಇಲ್ಲಿ ಯಾರಾದ್ರೂ ಬಿದ್ದರೆ ನಗು ಬರಲ್ಲ, ಹೊಟ್ಟೆ ಚುರ್ ಅನ್ನುತ್ತೆ. ಸಾಮಾನ್ಯವಾಗಿ ನೂರು ಜನ, ನಾಲ್ಕು ಹಂತ. ಎದುರಾಳಿ ಅಂತ ಯಾರೂ ಇಲ್ಲ. ಗಡಿಯಾರ, ಗೋಡೆ, ಕೆಳಗೆ ನೀರು, ಅಷ್ಟೇ. ಎಷ್ಟೋ ಸಲ ಒಬ್ಬರೂ ಕೊನೆ ಮುಟ್ಟಲ್ಲ!

1999ರಲ್ಲಿ ಮೊದಲು ಮುಟ್ಟಿದ್ದು ಕಜುಹಿಕೊ ಅಕಿಯಾಮಾ. ಏಡಿ ಹಿಡಿಯೋ ದೋಣಿಯಲ್ಲಿ ದುಡಿದಿದ್ದವರು, ದೃಷ್ಟಿ ಬೇರೆ ಮಂದ. 2006ರಲ್ಲಿ ಮಕೊಟೊ ನಗಾನೊ, ಮೀನುಗಾರ. 2010 ಮತ್ತು 2011ರಲ್ಲಿ ಯೂಜಿ ಉರುಶಿಹಾರಾ, ಶೂ ಮಾರುತ್ತಿದ್ದವರು. ಒಲಿಂಪಿಕ್ ಪದಕ ಗೆದ್ದ ಜಿಮ್ನಾಸ್ಟ್‌ಗಳು ಸೋತ ಜಾಗ ಇದು. ಮೊದಲ ಇಪ್ಪತ್ತು ವರ್ಷದಲ್ಲಿ ಪೂರ್ತಿ ಗೆದ್ದವರು ನಾಲ್ಕೇ ಜನ.

ನನಗೆ ಇವರೆಲ್ಲರಿಗಿಂತ ಕಾಡೋದು ಕಟ್ಸುಮಿ ಯಮಾಡಾ. ತಯಾರಿಗೋಸ್ಕರ ಕೆಲಸ ಬಿಟ್ಟರು, ಮತ್ತೆ ಮತ್ತೆ ಬಂದರು, ಒಮ್ಮೆಯೂ ಗೆಲ್ಲಲಿಲ್ಲ. ಆದರೂ ಅಲ್ಲಿನ ಜನಕ್ಕೆ ಅವರೇ ‘ಮಿಸ್ಟರ್ ಸಾಸುಕೆ’.

ಅಂದಹಾಗೆ, ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಸವಾರಿ ತೆಗೆದು ಇಂಥದ್ದೇ ಅಡೆತಡೆ ಓಟ ಹಾಕಿದ್ದಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಅದೇ.